ಭೂತಮ್ಮನ ಹೊಲಿಗೆ ತರಬೇತಿ

"ಲೇ ಭೂತೀ, ನಿಮ್ಮಪ್ಪನ್ ಮದ್ವೆಗ್ ಬಂದಿದ್ದೀಯೇನೇ ಮುಂಡೆ? ಜೋರಾಗ್ ಬಡಿಯೇ!"

ತೋಂಟದಾರ್ಯನ ಮಾತಿನ ಜೊತೆಗೇ ಅವನ ಬೆತ್ತವೂ ಬೆನ್ನಿಗೆ ಬಿತ್ತು. ಭೂತಮ್ಮ ಮರದ ಕೊಡತಿ ಎತ್ತಿ ಇಳಿಸಿದಳು. ಕೆರೆಯಂಗಳದ ಗುಂಡಿಯಲ್ಲಿ ಆರು ತಿಂಗಳು ಕೊಳೆತ ತೆಂಗಿನ ಮಟ್ಟೆ ಸೀಳಿ, ಕರೀ ನೀರು ಮುಖಕ್ಕೆ ಸಿಡಿಯಿತು. ಕೈಯೆಲ್ಲ ಹುಣ್ಣು. ಉಣ್ಣಲು ಕೂತರೆ ಮುದ್ದೆಯೂ ಅದೇ ನಾತ ಹೊಡೆಯುತ್ತಿತ್ತು.

ಹೆಸರಿಗೆ ಇದು ಬಡ ಹೆಣ್ಣುಮಕ್ಕಳ ಹೊಲಿಗೆ ತರಬೇತಿ ಕೇಂದ್ರ. ಎಮರ್ಜೆನ್ಸಿ ಮುಗಿದ ಮರುವರ್ಷ ತುರುವೇಕೆರೆ ರಸ್ತೆಯ ಪಕ್ಕದ ತೋಟದಲ್ಲಿ ಬೋರ್ಡು ನೆಟ್ಟಿದ್ದರು. ಬೆಂಗಳೂರಿನ ಪುಣ್ಯವಂತರು ಐದು ಮಿಷನ್ನು ಕಳಿಸಿದ್ದರು. ಕೇಂದ್ರ ನಡೆಸುವ ಸಂಘದ ಅಧ್ಯಕ್ಷ, ತೋಟದ ಒಡೆಯ, ಬೀಗದ ಕೈಯ ಯಜಮಾನ, ಎಲ್ಲ ತೋಂಟದಾರ್ಯನೇ. ಮಿಷನ್ನುಗಳು ಕೋಣೆಯೊಳಗೆ ಗೋಣಿಚೀಲ ಹೊದ್ದು ಕೂತಿದ್ದವು. ಹೊಲಗೇರಿಯ ಹನ್ನೆರಡು ಹುಡುಗಿಯರು ಹೊರಗೆ ಅವನ ನಾರು ಬಡಿಯುತ್ತಿದ್ದರು, ಬಿಟ್ಟಿ. ವರ್ಷ ತುಂಬಿದ ದಿನ ಚೆನ್ನಾಗಿ ಹೊಲಿಯುವವಳಿಗೆ ಒಂದು ಮಿಷನ್ನು ಸ್ವಂತಕ್ಕೆ ಕೊಡುವ ಮಾತಿತ್ತು. ಆ ಮಾತನ್ನು ನಂಬಿ ಭೂತಮ್ಮ ಹನ್ನೊಂದು ತಿಂಗಳು ಎಲ್ಲವನ್ನೂ ನುಂಗಿಕೊಂಡಿದ್ದಳು. ಮಿಷನ್ನು ಬಂದರೆ ಈ ಜನ್ಮದಲ್ಲಿ ಇನ್ನು ಮಟ್ಟೆ ಮುಟ್ಟುವುದಿಲ್ಲವೆಂದು ಅವ್ವನಿಗೂ ಹೇಳಿದ್ದಳು.

ದಾನ ಕೊಟ್ಟ ದ್ರಾಕ್ಷಾಯಣಮ್ಮ ನಾಳೆ ನೋಡಲು ಬರುತ್ತಾರೆ ಎಂದು ಸುದ್ದಿ ಬಂದಾಗ ಕೋಣೆಯ ಬೀಗ ತೆರೆಯಿತು.

"ಕಾಲ್ ಮಾತ್ರ ಆಡ್ಸ್ರೇ. ಬಟ್ಟೆ ಮುಟ್ಟೀರ, ಜೋಕೆ," ಎಂದ ತೋಂಟದಾರ್ಯ.

"ದಾರ ಹಾಕೋದೊಂದ್ ಹೇಳ್ಕೊಡಿ ಬುದ್ದೀ," ಎನ್ನುತ್ತ ಭೂತಮ್ಮ ಚಕ್ರ ಮುಟ್ಟಿದಳು.

ಅವನು ಬೆತ್ತ ತಿರುಗಿಸಿ ಹಿಡಿದು ಗಂಟಿನಿಂದ ಅವಳ ಬೆರಳಿಗೇ ಕೊಟ್ಟ. ಉಗುರು ಒಡೆದು ರಕ್ತ ಬಂತು.

"ಹೊಲೆ ಮುಂಡೆ, ನಿನ್ ಕೈ ತಾಗುದ್ ಬಟ್ಟೆ ಯಾವಳೇ ಉಡೋಳು?"

ಪಕ್ಕದ ಪುಟ್ಟಗಂಗಮ್ಮ ಸೆರಗು ಎಳೆದು, "ಸುಮ್ಕಿರೇ, ನಾಳೆ ಒಂದಿನ ಕಣೇ," ಎಂದಳು. ಭೂತಮ್ಮ ಬೆರಳಿಗೆ ಸೆರಗು ಸುತ್ತಿಕೊಂಡು ಕಾಲು ಆಡಿಸತೊಡಗಿದಳು. ಮಿಷನ್ನಿನ ಆಸೆ ಅಷ್ಟಿತ್ತು.

ಮರುದಿನ ಹುಣ್ಣು ಕಾಣದ ಹಾಗೆ ಎಲ್ಲರ ಕೈಗೂ ಅರಿಶಿನ ಬಳಿಸಿದ. ಕಾರು ಬಂತು. ದ್ರಾಕ್ಷಾಯಣಮ್ಮ ಒಳ್ಳೆಯ ಹೆಂಗಸೇ. ಭೂತಮ್ಮನ ಮಿಷನ್ನಿಗೆ ತಾವೇ ದಾರ ಪೋಣಿಸಿ, ತಮ್ಮ ಕರವಸ್ತ್ರ ಕೊಟ್ಟು, "ಇದರ ಅಂಚು ಹೊಲಿ ಮಗು, ನೋಡೋಣ," ಎಂದರು.

ಭೂತಮ್ಮ ತುಳಿದಳು. ಚಕ್ರ ಹಿಂದಕ್ಕೆ ತಿರುಗಿತು. ದಾರ ಸುತ್ತಿಕೊಂಡು ಪಟ್ಟನೆ ಹರಿಯಿತು.

"ವರ್ಷವಾಗ್ತಾ ಬಂತಲ್ಲ, ಇಷ್ಟೂ ಬರಲ್ವೇ?"

"ಎಷ್ಟು ಕಲಿಸಿದ್ರೂ ಅಷ್ಟೇ ಮೇಡಂ," ತೋಂಟದಾರ್ಯ ನಕ್ಕ. "ಈ ಜನದ ತಲೆಗೇ ಹತ್ತಲ್ಲ. ಏನೋ, ನಮ್ಮ ಧರ್ಮ ಅಂತ ಮಾಡ್ತಿದೀವಿ."

ದ್ರಾಕ್ಷಾಯಣಮ್ಮ ಅಯ್ಯೋ ಪಾಪ ಎನ್ನುವಂತೆ ತಲೆಯಾಡಿಸಿದರು. ಬೆತ್ತದ ಏಟಿಗೆ ಬಾರದ ಅಳು ಭೂತಮ್ಮನಿಗೆ ಆ ಕನಿಕರಕ್ಕೆ ಬಂತು. ಅವಳು ಎದ್ದು ಹೊರಟಳು.

"ಎಲ್ಲಿಗಮ್ಮಾ?"

"ಕಲ್ತಿರೋದ್ನ ತತ್ತೀನಿ ಕಣ್ರವ್ವ."

ವಾಪಸು ಬಂದಾಗ ಒಂದು ಕೈಯಲ್ಲಿ ನೀರು ಸುರಿಯುವ ಮಟ್ಟೆ, ಇನ್ನೊಂದರಲ್ಲಿ ಕೊಡತಿ. ಮಟ್ಟೆಯನ್ನು ಮಿಷನ್ನಿನ ಹಲಗೆಯ ಮೇಲಿಟ್ಟು ಬಡಿದಳು. ಕೊಳೆನೀರು ದ್ರಾಕ್ಷಾಯಣಮ್ಮನ ರೇಷ್ಮೆ ಸೀರೆಗೆ ಸಿಡಿಯಿತು.

"ಇದ್ ಕಣ್ರವ್ವ ನಮ್ಗೆ ಕಲ್ಸಿರೋದು! ಹೊತ್ತುಟ್ಟಿ ಹೊತ್ ಮುಳ್ಗೋಗಂಟ ಇದೇಯ!"

ಇನ್ನೊಂದು ಏಟಿಗೆ ಹಲಗೆ ಸೀಳಿತು. ಅವಳದಾಗಬೇಕಿದ್ದ ಮಿಷನ್ನು. ಗೊತ್ತಿದ್ದೇ ಹೊಡೆದಳು, ಅಳುತ್ತ ಹೊಡೆದಳು.

ತೋಂಟದಾರ್ಯ ಒಂದು ಕೈಯಲ್ಲಿ ಅವಳ ತುರುಬು ಹಿಡಿದು, ಇನ್ನೊಂದನ್ನು ಮಿಷನ್ನಿಗೆ ಅಡ್ಡ ಇಟ್ಟ.

"ಬುಡೇ ಸೂಳೆ! ನಿನ್ ವಂಶ ಹಾಳಾಗ!"

"ಕೈ ತಗಿಯಲಾ," ಎಂದಳು ಭೂತಮ್ಮ. ಬುದ್ದಿ ಎನ್ನಲಿಲ್ಲ.

ಅವನು ತೆಗೆಯಲಿಲ್ಲ. ಹನ್ನೊಂದು ತಿಂಗಳು ಬಡಿದು ಪಳಗಿದ ತೋಳು, ಗುರಿ ತಪ್ಪಲಿಲ್ಲ. ಮೂಳೆ ಮುರಿದ ಸದ್ದು ಕೋಣೆಗೆಲ್ಲ ಕೇಳಿಸಿತು. ಅವನ ಅರಚಾಟಕ್ಕೆ ತೋಟದ ಆಳುಗಳು ಓಡಿಬಂದರು. ಅಷ್ಟರಲ್ಲಿ ಪುಟ್ಟಗಂಗಮ್ಮ ತನ್ನ ಕೊಡತಿ ತಂದು ಬಾಗಿಲಿಗೆ ಅಡ್ಡ ನಿಂತಿದ್ದಳು. ಅವಳ ಪಕ್ಕಕ್ಕೆ ಇನ್ನೊಬ್ಬಳು ಬಂದಳು.

ಭೂತಮ್ಮ ಮಟ್ಟೆಯನ್ನು ಮಗ್ಗುಲು ತಿರುಗಿಸಿ ಮತ್ತೆ ಕೊಡತಿ ಎತ್ತಿದಳು.