ಕ್ಷೌರದಂಗಡಿಯ ಎರಡನೆಯ ಕುರ್ಚಿ

ಕ್ಷೌರದಂಗಡಿಯ ಗುರುತಾಗಿ ಹೊರಗೆ ಸುತ್ತುತ್ತಿದ್ದ ಕೆಂಪು, ಬಿಳಿ, ನೀಲಿ ಪಟ್ಟೆಯ ಕಂಬವನ್ನು ನಿಲ್ಲಿಸಲು ಮಿಯೊ ಬೆಳಗಿನಿಂದ ಹೆಣಗುತ್ತಿದ್ದಳು. ಗೋಡೆಯ ಮೇಲಿದ್ದ ಗುಂಡಿಗಳನ್ನೆಲ್ಲ ಒತ್ತಿ ನೋಡಿದಳು. ಕನ್ನಡಿಯ ಮೇಲಿನ ದೀಪಗಳು ಆರಿದವು, ರೇಡಿಯೊ ನಿಂತಿತು, ಕಂಬ ಮಾತ್ರ ಸುತ್ತುತ್ತಲೇ ಇತ್ತು. ಅದರ ಗುಂಡಿ ಎಲ್ಲಿದೆಯೆಂದು ಬಲ್ಲವನು ಒಳಕೋಣೆಯಲ್ಲಿ ಬಿಳಿ ಉಡುಪು ತೊಟ್ಟು, ಉತ್ತರಕ್ಕೆ ತಲೆಯಿಟ್ಟು ಮಲಗಿದ್ದ. ಕೊನೆಗೆ ಶವಸಂಸ್ಕಾರದವರು ಕಂಬಕ್ಕೆ ಬಿಳಿ ಬಟ್ಟೆ ಸುತ್ತಿ ದಾರ ಕಟ್ಟಿದರು. ಬಟ್ಟೆಯೊಳಗೂ ಅದು ತಿರುಗುತ್ತಿದ್ದುದು ತಿಳಿಯುತ್ತಿತ್ತು, ಮುಸುಕು ಹೊದ್ದ ಯಾರೋ ನಿಧಾನವಾಗಿ ಮುಖ ತಿರುಗಿಸಿದ ಹಾಗೆ.

"ಬಿಡು ಮಗಾ," ಎಂದ ಎದುರಿನ ಮೀನಂಗಡಿಯ ತೊಕುಜೊ. "ನಿಮ್ಮಪ್ಪ ವರ್ಷಕ್ಕೆ ಒಂದೇ ದಿನ ರಜ ಹಾಕ್ತಿದ್ದೋನು. ಇವತ್ತು ಎರಡನೇ ಸಲ ಹಾಕಿದಾನೆ. ಕಂಬಕ್ಕೆ ನಂಬಿಕೆ ಬಂದಿಲ್ಲ."

ಧೂಪ ಹಾಕಲು ಬಂದವರಲ್ಲಿ ಹೆಚ್ಚಿನವರು ಮಿಯೊಳ ಅಪ್ಪ ಕೋಹೆಯ ಗಿರಾಕಿಗಳೇ. ಜಪಾನಿನ ಕುರೆ ಊರಿನಿಂದ ದೋಣಿಯಲ್ಲಿ ಬರಬೇಕಾದ ಆ ಪುಟ್ಟ ಬಂದರಿನಲ್ಲಿ ಅವನ ಕತೆ ತಿಳಿಯದವರಿರಲಿಲ್ಲ. ಯುದ್ಧ ಮುಗಿದ ಮೇಲಿನ ಕೆಟ್ಟ ವರ್ಷಗಳಲ್ಲಿ ಅವನು ಒಂದು ಗ್ಯಾಂಗಿನ ಹುಡುಗನಾಗಿದ್ದ. ಯಜಮಾನ ಹೇಳಿದನೆಂದು ಸಾಯೆಕಿ ಎಂಬವನನ್ನು ಒಂದು ವಸತಿಗೃಹದ ಬಾಗಿಲಲ್ಲಿ ಚೂರಿಯಿಂದ ಇರಿದು ಕೊಂದ. ಜೈಲಿನಲ್ಲಿ ಕ್ಷೌರ ಕಲಿತ. ಹೊರಗೆ ಬಂದು ಇಲ್ಲಿ ಅಂಗಡಿ ಇಟ್ಟಾಗ ಅವನ ಕತ್ತಿಯ ಕೆಳಗೆ ತಲೆಕೊಡಲು ಎಲ್ಲರೂ ಹೆದರಿದರು. ಮೊದಲು ಕೂತವನು ತೊಕುಜೊ, ಅದೂ ಗೆಳೆಯರ ಹತ್ತಿರ ಪಂದ್ಯ ಕಟ್ಟಿ. ಕತ್ತಿಯ ರುಚಿ ಗೊತ್ತಿರೋನ ಕೈಯಲ್ಲೇ ಕತ್ತಿ ಭದ್ರ ಎಂದು ಅವನು ಊರೆಲ್ಲ ಸಾರಿದ ಮೇಲೆ ಉಳಿದವರು ಒಬ್ಬೊಬ್ಬರಾಗಿ ಬಂದರು. ಅಷ್ಟು ಮೆತ್ತಗಿನ ಕೈ ಆ ಕರಾವಳಿಯಲ್ಲೇ ಇರಲಿಲ್ಲ. ಅರ್ಧ ಜನ ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದರು.

ಹತ್ತು ಗಂಟೆಯ ದೋಣಿಯಲ್ಲಿ ಹಿಯಾಮಾ ಬಂದ. ದೇಶಕ್ಕೆಲ್ಲ ಗೊತ್ತಿದ್ದ ನಟ, ಈಗ ಮುದುಕ. ಜೊತೆಗೆ ಯಾರನ್ನೂ ಕರೆತಂದಿರಲಿಲ್ಲ. ಅವನು ಬೀದಿಯಲ್ಲಿ ನಡೆದು ಬರುವಾಗ ಮಾತು ತಾನಾಗಿ ನಿಂತಿತು. ತೆರೆಯ ಮೇಲೆ ಎಷ್ಟೋ ಜನರನ್ನು ಕೊಂದ ಆ ಮುಖದಲ್ಲಿ ಏನೂ ಕದಲುತ್ತಿರಲಿಲ್ಲ. ಅವನ ಹೆಸರು ಬೆಳೆದದ್ದೇ ಆ ಕದಲದ ಮುಖದಿಂದ.

ಮಿಯೊ ಬಾಗಿಲಿಗೆ ಅಡ್ಡ ನಿಂತಳು. ಚಿಕ್ಕವಳಿದ್ದಾಗ ಶಾಲೆಯ ಹುಡುಗರು, ಅಪ್ಪನ ಕತೆಯನ್ನೇ ಇಟ್ಟು ಹಿಯಾಮಾ ನಟಿಸಿದ್ದ ಸಿನಿಮಾದ ಚಿತ್ರ ತೋರಿಸಿ, ಇದು ನಿಮ್ಮಪ್ಪನಂತೆ, ನಿಮ್ಮನೇಲಿ ಕತ್ತಿ ಎಷ್ಟಿವೆ ಎಂದು ಕೇಳುತ್ತಿದ್ದುದನ್ನು ಅವಳು ಮರೆತಿರಲಿಲ್ಲ.

"ನಮ್ಮಪ್ಪನ ಪಾಪ ಮಾರಿ ನೀವು ದೊಡ್ಡೋರಾದ್ರಿ," ಎಂದಳು, ದನಿ ಏರಿಸದೆ. "ಇಲ್ಲಿಂದಲೇ ಕೈಮುಗಿದು ಹೊರಡಿ."

ಹಿಯಾಮಾ ಅಲ್ಲಿಂದಲೇ ತಲೆ ಬಾಗಿಸಿದ. ಹೊರಡಲು ತಿರುಗಿಯೂ ಬಿಟ್ಟಿದ್ದ. ಒಳಗಿನಿಂದ ಅವಳ ತಾಯಿ ಫುಸಾ ಕೂಗಿದಳು.

"ಒಳಗೆ ಬರಲಿ ಬಿಡು. ಪೆಟ್ಟಿಗೆ ಮುಚ್ಚೋಕೆ ಮುಂಚೆ ಅವರ ಹತ್ರ ಒಂದು ಮಾತು ಕೇಳೋದಿದೆ."

*

ಮಿಯೊ ಕೈಗೂಸಾಗಿದ್ದ ವರ್ಷ, ಆ ಸಿನಿಮಾ ತೆಗೆಯುವವರು ಬಂದರಿಗೆ ಬಂದಾಗ ಹಿಯಾಮಾ ಕಿರಿಚಾಡುವ ಪಾತ್ರಗಳಿಗೆ ಹೆಸರಾದ ಹುಡುಗ. ನಿರ್ದೇಶಕ ಮಾತು ಕಡಿಮೆಯ, ಸಣಕಲು ಮನುಷ್ಯ. ಎರಡು ದಿನ ಹಿಯಾಮಾನ ಕಿರಿಚಾಟ ನೋಡಿ, ಬಂದರಿನ ಕ್ಷೌರದಂಗಡಿಗೆ ಹೋಗಿ ಕೂತ್ಕೋ, ಏನೂ ಕೇಳಬೇಡ ಎಂದು ಕಳಿಸಿದನಂತೆ. ಅಂಗಡಿಯಲ್ಲಿ ಎರಡು ಕುರ್ಚಿಗಳಿದ್ದವು. ಕೋಹೆ ಬಳಸುತ್ತಿದ್ದುದು ಒಂದನ್ನೇ. ಹಿಯಾಮಾ ಎರಡನೆಯದರಲ್ಲಿ ಕೂತು ಕನ್ನಡಿಯೊಳಗಿಂದ ಅವನನ್ನು ನೋಡುತ್ತಿದ್ದ. ಫುಸಾ ಆಗ ಮಿಯೊಳನ್ನು ಬೆನ್ನಿಗೆ ಕಟ್ಟಿಕೊಂಡು, ಬಿದ್ದ ಕೂದಲು ಗುಡಿಸುತ್ತಿದ್ದಳು.

ಕೋಹೆ ಅವನ ಜೊತೆ ಮಾತಾಡಿದ್ದು ಒಂದೇ ಸಲ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕೇಳದೆಯೇ ಹೇಳಿದ.

"ಕೊಲ್ಲೋದು ಏನೂ ಅಲ್ಲ, ಒಂದು ಸೀನು ಸೀನಿದಷ್ಟು ಹೊತ್ತು. ಕಾಯೋದು ದೊಡ್ಡದು. ಆ ಮಧ್ಯಾಹ್ನ ಪೂರ್ತಿ ಕಿಟಕೀಲಿ ಕೂತು, ಎದುರಿನ ಬಿದಿರು ಬೇಲಿ ಮೇಲೆ ಬಿಸಿಲು ಸರಿಯೋದನ್ನ ನೋಡಿದೆ. ಬಿಸಿಲನ್ನ ಅಷ್ಟು ಚೆನ್ನಾಗಿ ಅದಕ್ಕೆ ಮುಂಚೆ ನೋಡಿರ್ಲಿಲ್ಲ. ಆಮೇಲೂ ನೋಡ್ಲಿಲ್ಲ."

ಚಳಿಗಾಲದಲ್ಲಿ ಸಿನಿಮಾ ಊರಿನ ಟಾಕೀಸಿಗೆ ಬಂತು. ಗಂಡ ಹೆಂಡತಿ ಹಿಂದಿನ ಸಾಲಿನಲ್ಲಿ ಕೂತರು. ಬಿದಿರು ಬೇಲಿ ಬಂತು, ಬಿಸಿಲು ಬಂತು. ಅದೆಷ್ಟೋ ಹೊತ್ತು ಹಿಯಾಮಾ ಸುಮ್ಮನೆ ಕೂತೇ ಇದ್ದ. ಮುಂದಿನ ಸಾಲಿನ ಹುಡುಗರು ಆಕಳಿಸಿದರು, ಯಾರೋ ಸಿಳ್ಳೆ ಹಾಕಿದರು. ಆಮೇಲೆ ಅವನು ಎದ್ದು ಬೀದಿ ದಾಟಿದ. ಎಲ್ಲ ಕ್ಷಣದಲ್ಲಿ ಮುಗಿಯಿತು. ಟಾಕೀಸು ಕಲ್ಲಾಯಿತು. ತೆರೆಯ ಮೇಲೆ ಹಿಯಾಮಾ ಓಡಲಿಲ್ಲ. ಬಿದ್ದವನ ಪಕ್ಕ ಕುಕ್ಕರಗಾಲಲ್ಲಿ ಕೂತು, ನೆಲದ ಮೇಲೆ ಸಿಡಿದು ಬಿದ್ದಿದ್ದ ಅವನ ಕನ್ನಡಕ ಎತ್ತಿಕೊಂಡ. ಬಾಯಿಂದ ಹಬೆಯೂದಿ, ತೋಳಿನ ಅಂಚಿನಿಂದ ಎರಡೂ ಗಾಜು ಒರೆಸಿದ. ಮತ್ತೆ ಅವನ ಮುಖಕ್ಕೇ ಇಟ್ಟು, ಮೊದಲು ಎಡಗಿವಿಗೆ, ಆಮೇಲೆ ಬಲಗಿವಿಗೆ, ಜೋಪಾನವಾಗಿ ಸಿಕ್ಕಿಸಿದ.

ಕೋಹೆ ಎದ್ದು ಹೊರಗೆ ನಡೆದ. ಫುಸಾ ಹಿಂದೆ ಓಡಿದಾಗ ಅವನು ಬಂದರಿನ ಕಟ್ಟೆಯ ಮೇಲೆ ನಿಂತಿದ್ದ.

"ನಾನು ಹೀಗೇ ಮಾಡಿದ್ದೆ," ಎಂದ. "ಪೊಲೀಸರಿಗೆ ಹೇಳ್ಲಿಲ್ಲ. ಕೋರ್ಟಲ್ಲಿ ಹೇಳ್ಲಿಲ್ಲ. ನಿಂಗೂ ಹೇಳ್ಲಿಲ್ಲ. ಅಲ್ಲಿದ್ದಿದ್ದು ನಾನು, ಆ ಸಾಯೆಕಿ, ಇಬ್ಬರೇ."

"ಮತ್ತೆ ಇವರಿಗೆ ಹೇಗೆ ಗೊತ್ತಾಯ್ತು?"

"ಅವನೇ ಹೇಳಿರ್ಬೇಕು. ಉಸಿರು ಹೋಗಿದೆ ಅಂದ್ಕೊಂಡಿದ್ದೆ, ಫುಸಾ. ಅವನು ನನ್ನನ್ನ ನೋಡ್ತಾ ಇದ್ದ."

ಅಂದಿನಿಂದ ಎರಡನೆಯ ಕುರ್ಚಿಯಲ್ಲಿ ಕೋಹೆ ಯಾರನ್ನೂ ಕೂರಿಸಲಿಲ್ಲ. ವರ್ಷಕ್ಕೊಂದು ದಿನ, ಸಾಯೆಕಿ ಸತ್ತ ದಿನ, ಅಂಗಡಿಯ ಬಾಗಿಲು ಹಾಕಿ ಒಳಗೆ ಒಬ್ಬನೇ ಉಳಿಯುತ್ತಿದ್ದ. ನೀರು ಕಾಯಿಸುವ ಸದ್ದು, ಬ್ರಷ್ಷಿನಲ್ಲಿ ನೊರೆ ಕಡೆಯುವ ಸದ್ದು ಫುಸಾಳಿಗೆ ಅಡುಗೆಮನೆಯಲ್ಲಿ ಕೇಳುತ್ತಿತ್ತು. ಆಮೇಲೆ ಆ ಖಾಲಿ ಕುರ್ಚಿಯ ಕಡೆಯಿಂದ ಕತ್ತಿಯ ಸದ್ದು. ಗಾಳಿಯಲ್ಲಿ ಆಡಿಸಿದ ಕತ್ತಿಗೆ ಸದ್ದಿರುವುದಿಲ್ಲ ಎಂದು ಕ್ಷೌರಿಕನ ಹೆಂಡತಿಗೆ ಗೊತ್ತಿತ್ತು. ಅವಳಿಗೆ ಕೇಳುತ್ತಿದ್ದುದು ಬಿರುಸು ಗಡ್ಡದ ಮೇಲೆ ಅಲಗು ಎಳೆದಾಗ ಬರುವ ಕರಕರ. ಅವಳು ಒಮ್ಮೆಯೂ ಇಣುಕಿ ನೋಡಲಿಲ್ಲ. ಮರುದಿನ ನೆಲ ಗುಡಿಸುವಾಗ ಪೊರಕೆಯ ತುದಿಗೆ ಏನು ಸಿಕ್ಕಿದೆಯೆಂದೂ ನೋಡಲಿಲ್ಲ.

*

ಭಿಕ್ಷುವಿನ ಮಂತ್ರ ಮುಗಿದಿತ್ತು. ಪೆಟ್ಟಿಗೆಯೊಳಗೆ ಎಲ್ಲರೂ ಬಿಳಿ ಸೇವಂತಿಗೆ ಇಡುತ್ತಿದ್ದರು. ಫುಸಾ ಹಿಯಾಮಾನ ಪಕ್ಕ ಬಂದು ನಿಂತಳು. ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಪ್ರಶ್ನೆ ಹೊರಬರುವಾಗ ಬಹಳ ಸಣ್ಣದಾಗಿತ್ತು.

"ಆ ಸಿನಿಮಾದಲ್ಲಿ ಸತ್ತೋನಿಗೆ ಕನ್ನಡಕ ಹಾಕಿದ್ರಲ್ಲ. ಅದನ್ನ ನಿಮಗೆ ಹೇಳಿದ್ದು ಯಾರು?"

ಹಿಯಾಮಾನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವಳು ಮತ್ತೊಮ್ಮೆ ಕೇಳಿದಳು.

"ಯಾರೂ ಹೇಳ್ಲಿಲ್ಲಮ್ಮ," ಎಂದ. "ಇವರೇ ಮಾಡ್ತಿದ್ರಲ್ಲ."

ಕನ್ನಡಕದ ಗಿರಾಕಿ ಬಂದರೆ ಕೋಹೆ ತಾನೇ ಅದನ್ನು ತೆಗೆದಿಡುತ್ತಿದ್ದ. ಕೆಲಸ ಮುಗಿದ ಮೇಲೆ ಹಬೆಯೂದಿ, ತೋಳಿನ ಅಂಚಿನಿಂದ ಒರೆಸಿ, ಗಿರಾಕಿ ಕೈ ಚಾಚಿದರೂ ಕೊಡದೆ, ತಾನೇ ಮುಖಕ್ಕಿಟ್ಟು ಒಂದೊಂದೇ ಕಿವಿಗೆ ಸಿಕ್ಕಿಸುತ್ತಿದ್ದ. ಎರಡನೆಯ ಕುರ್ಚಿಯಲ್ಲಿ ಕೂತು ಅದನ್ನು ಹಿಯಾಮಾ ದಿನಕ್ಕೆ ಎಷ್ಟೋ ಸಲ ನೋಡಿದ್ದ. ಕೊಲೆಯ ದೃಶ್ಯದ ಹೊತ್ತಿಗೆ, ಇರಿದ ಮೇಲೆ ಏನು ಮಾಡಬೇಕೆಂದು ಬರೆದಿರಲಿಲ್ಲ. ನಿರ್ದೇಶಕ ಕ್ಯಾಮೆರಾ ನಿಲ್ಲಿಸಲೂ ಇಲ್ಲ. ನೋಡಿ ಕಲಿತದ್ದನ್ನು ಕೈ ತಾನಾಗಿ ಮಾಡಿತು. ಅದರ ಹಿಂದೆ ಬೇರೆ ಅರ್ಥವಿತ್ತೆಂದು ತನಗೆ ಇವತ್ತಿನವರೆಗೂ ಗೊತ್ತಿರಲಿಲ್ಲ ಎಂದ.

ಪಕ್ಕದಲ್ಲಿದ್ದ ತೊಕುಜೊ ತನ್ನ ಕನ್ನಡಕ ಮುಟ್ಟಿ ನೋಡಿಕೊಂಡ. "ಹೌದಲ್ವಾ," ಎಂದ ಮೆಲ್ಲಗೆ. "ಇವನ ಅಂಗಡೀಲಿ ಒಂದು ದಿನವೂ ನಾನಾಗಿ ಹಾಕ್ಕೊಂಡಿಲ್ಲ."

ಫುಸಾ ಅದನ್ನು ಅವರೆಲ್ಲರಿಗಿಂತ ಹೆಚ್ಚು ಸಲ ನೋಡಿದ್ದಳು. ಅವನ ಹಿಂದೆ ಕೂದಲು ಗುಡಿಸುತ್ತ ನೋಡಿದ್ದಳು. ಸಿನಿಮಾ ನೋಡಿ ಬಂದ ಮರುದಿನವೂ ನೋಡಿದ್ದಳು. ದಿನದಿನವೂ ಊರಿನ ಕಣ್ಣೆದುರಿಗೆ ಆ ಕೈಗಳು ತಪ್ಪೊಪ್ಪಿಕೊಳ್ಳುತ್ತಿದ್ದವು. ಅದು ಕೋಹೆಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ.

"ಸತ್ತೋನು ಬಾಯಿಬಿಟ್ಟ ಅಂತಲೇ ನಂಬಿ ಹೋದ್ರು ಇವರು," ಎಂದಳು. "ಒಂದು ಸಲ ಬಂದು ಹೇಳಿದ್ರೆ ಸಾಕಾಗಿತ್ತು."

"ಬಂದಿದ್ದೆ." ಹಿಯಾಮಾ ಪೆಟ್ಟಿಗೆಯೊಳಗಿನ ಮುಖವನ್ನು ನೋಡುತ್ತಿದ್ದ. "ಕನ್ನಡಕದ ವಿಷಯಕ್ಕಲ್ಲ, ಸುಮ್ಮನೆ ನಮಸ್ಕಾರ ಹೇಳಿ ಹೋಗೋಣ ಅಂತ. ಬಹಳ ವರ್ಷ ಆಯ್ತು. ಬಾಗಿಲು ಹಾಕಿತ್ತು. ಒಳಗೆ ಯಾರಿಗೋ ಕ್ಷೌರ ನಡೀತಿತ್ತು, ಇಬ್ಬರು ಮಾತಾಡ್ತಿದ್ರು. ಗಿರಾಕಿ ಹೋಗ್ಲಿ ಅಂತ ಎದುರಿನ ಕಟ್ಟೆ ಮೇಲೆ ಕಾದೆ. ಕೊನೇ ದೋಣಿ ಹೊರಡೋವರೆಗೂ ಯಾರೂ ಹೊರಗೆ ಬರ್ಲಿಲ್ಲ."

ಫುಸಾ ಕೈಯಲ್ಲಿದ್ದ ಹೂವನ್ನು ಗಂಡನ ಕಿವಿಯ ಪಕ್ಕ ಇಟ್ಟಳು. ವರ್ಷಕ್ಕೊಮ್ಮೆ ಬಾಗಿಲು ಹಾಕಿದ ಆ ದಿನ ಅಡುಗೆಮನೆಗೆ ಮಾತು ಎಂದೂ ಕೇಳಿಸಿರಲಿಲ್ಲ.

ಮಿಯೊ ಬಾಗಿಲ ಬಳಿಯೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಎಂಟನೆಯ ವಯಸ್ಸಿಗೇ ಅವಳಿಗೆ ದೃಷ್ಟಿ ಮಂದವಾಗಿತ್ತು. ಬೆಳಿಗ್ಗೆ ಶಾಲೆಗೆ ಹೊರಡುವಾಗ ಅಪ್ಪ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ಕನ್ನಡಕ ಒರೆಸಿ, ಮುಖಕ್ಕಿಟ್ಟು ಕಿವಿಗಳಿಗೆ ಸಿಕ್ಕಿಸುತ್ತಿದ್ದ. ಆಮೇಲೆ ಅವಳ ಕಣ್ಣನ್ನೇ ಒಂದು ಗಳಿಗೆ ನೋಡುತ್ತಿದ್ದ, ಒಳಗೆ ಯಾರಾದರೂ ಇದ್ದಾರೋ ಎಂಬಂತೆ. ದೊಡ್ಡವಳಾದ ಮೇಲೆ ಒಂದು ದಿನ ಅವಳು ಆ ಕೈ ತಳ್ಳಿ, ನಾನೇನು ಮಗುವಾ ಎಂದಿದ್ದಳು. ಅಪ್ಪ ನಗದೆ, ಬೇಸರವನ್ನೂ ತೋರದೆ, ಕೈಯನ್ನು ಹಿಂದೆ ತೆಗೆದುಕೊಂಡಿದ್ದ. ಅದು ಪ್ರೀತಿಯೋ, ಮತ್ತೇನೋ? ಈಗ ಕೇಳುವುದು ಯಾರನ್ನು?

ಪೆಟ್ಟಿಗೆ ಎತ್ತುವ ಹೊತ್ತಿಗೆ ಒಂದು ಮೂಲೆಗೆ ಆಳು ಕಡಿಮೆ ಬಿತ್ತು. ಮಿಯೊ ಹಿಯಾಮಾನ ಕಡೆ ನೋಡಿ, ಸ್ವಲ್ಪ ಹಿಡೀರಿ ಎಂದಳು.

*

ಚಿತಾಗಾರ ಗುಡ್ಡದ ಹಿಂದೆ, ಪೈನ್ ಮರಗಳ ನಡುವೆ ಇತ್ತು. ಕಾಯುವ ಕೋಣೆಯಲ್ಲಿ ಚಹಾ ಕೊಟ್ಟರು. ತೊಕುಜೊ ಎರಡು ಅಕ್ಕಿಯುಂಡೆ ತಿಂದು, ಕೋಹೆ ಇದ್ದಿದ್ದರೆ ಮೂರನೆಯದನ್ನೂ ತಿನ್ನಿಸುತ್ತಿದ್ದ ಎಂದ. ಯಾರೂ ನಗದಿದ್ದಾಗ ಕಿಟಕಿಯ ಕಡೆ ತಿರುಗಿ ಮೂಗು ಸೀಟಿಕೊಂಡ. ಹಿಯಾಮಾ ಹೊರಗೆ ಬೆಂಚಿನ ಮೇಲೆ ಕೂತು ಎದುರಿನ ಗೋಡೆಯನ್ನು ನೋಡುತ್ತಿದ್ದ.

ಬೆಂಕಿ ಆರಿತೆಂದು ಕರೆ ಬಂತು. ತಟ್ಟೆಯ ಮೇಲೆ ಬಿಳಿ ಮೂಳೆಗಳು, ಮನುಷ್ಯನೊಬ್ಬ ಮಲಗಿದ ಆಕಾರದಲ್ಲೇ ಇದ್ದವು. ಕಬ್ಬಿಣದ ಕಾವು ಮುಖಕ್ಕೆ ಬಡಿಯುತ್ತಿತ್ತು. ವಾಡಿಕೆಯಂತೆ ಒಬ್ಬೊಬ್ಬರೂ ಜೋಡಿ ಕಡ್ಡಿಗಳ ನಡುವೆ ಇಕ್ಕಳದಂತೆ ಹಿಡಿದು, ಪಾದದ ಮೂಳೆಗಳಿಂದ ಮೊದಲುಮಾಡಿ ಎತ್ತಿ ಮಣ್ಣಿನ ಕುಡಿಕೆಗೆ ಹಾಕಿದರು. ಹಿಯಾಮಾ ಮಂಡಿಯ ಚೂರೊಂದನ್ನು ಎತ್ತಲು ಹೋದ. ಅವನ ಕಡ್ಡಿಗಳು ಒಂದಕ್ಕೊಂದು ತಾಗಿ ಟಕಟಕ ಎಂದವು. ಚೂರು ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ತೊಕುಜೊ ಮುಂದೆ ಬಂದು, ತನ್ನ ಕಡ್ಡಿಗಳನ್ನೂ ಆನಿಸಿ ಎತ್ತಿಸಿದ.

ಕೊನೆಯಲ್ಲಿ ಚಿತಾಗಾರದವನು ಬೂದಿಯಿಂದ ಪುಟ್ಟದೊಂದು ಮೂಳೆ ಬಿಡಿಸಿ ಬದಿಗಿಟ್ಟ. ಇದು ಗಂಟಲ ಬುದ್ಧ, ಎಂದ. ಧ್ಯಾನಕ್ಕೆ ಕೂತ ಬುದ್ಧನ ಹಾಗೇ ಇರುತ್ತೆ. ಎಷ್ಟೋ ಜನರದ್ದು ಬೆಂಕಿಯಲ್ಲಿ ಒಡೆದುಹೋಗುತ್ತೆ, ಇವರದ್ದು ಒಂಚೂರೂ ಮುಕ್ಕಾಗಿಲ್ಲ. ಹತ್ತಿರದವರು ಇಬ್ಬರು ಕೂಡಿ ಇದನ್ನು ಎತ್ತಬೇಕು.

ಫುಸಾ ಒಂದು ಬದಿಯಿಂದ ಹಿಡಿದಳು. ಇನ್ನೊಂದು ಬದಿಗೆ ಮಿಯೊ ಬಂದು ನಿಂತಳು. ತಟ್ಟೆಯಲ್ಲಿ ಉಳಿದ ಚೂರುಗಳು ಆರುತ್ತ ಆರುತ್ತ ಚಿಟಿಚಿಟಿ ಎನ್ನುತ್ತಿದ್ದವು. ತಾಯಿ ಮಗಳ ಕಡ್ಡಿಗಳ ನಡುವೆ, ಹೆಬ್ಬೆರಳಷ್ಟೂ ಇಲ್ಲದ ಆ ಬಿಳಿಯ ಆಕೃತಿ ಬೆನ್ನು ನೆಟ್ಟಗಿಟ್ಟು, ಭುಜ ಇಳಿಬಿಟ್ಟು, ಕೈಗಳನ್ನು ಮಡಿಲಲ್ಲಿ ಕೂಡಿಸಿಕೊಂಡು, ಕುರ್ಚಿಯಲ್ಲಿ ಸರದಿ ಕಾಯುವ ಗಿರಾಕಿಯ ಹಾಗೆ ಕೂತಿತ್ತು.