ಮೂರೂರ ಕಲ್ಲಿಗೆ ಹದಿನೆಂಟು ಸರಪಳಿ

"ಚಟ್ಟ ಎತ್ತಬ್ಯಾಡ್ರಿ!"

ಶಶಿರೇಖಾ ಅಪ್ಪನ ಹೆಣಕ್ಕೆ ಅಡ್ಡ ನಿಂತಳು. ಹೆಗಲು ಕೊಡಲು ಬಗ್ಗಿದ್ದ ನಾಲ್ವರು ಬಗ್ಗಿಕೊಂಡೇ ಅವಳ ಮುಖ ನೋಡಿದರು. ಹಲಗೆಯ ಬಡಿತ ನಿಂತಿತು.

"ಅಪ್ಪನ್ನ ಕಾಲುವೆ ದಂಡೀಗೆ ಒಯ್ಯಾಂಗಿಲ್ಲ. ಸುಡುಗಾಡಿಗೇ ಒಯ್ಯಬೇಕು."

"ಯಾವ ಸುಡುಗಾಡವ್ವ?" ಎಂದಳು ಸತ್ತ ಅಂಜಿನಪ್ಪನ ಅಕ್ಕ, ಎಂಬತ್ತರ ಕೊಟ್ರಬಸಮ್ಮ. "ಇಲ್ಲ ಅಂತ ಹೇಳ್ದಾವ ನಿಮ್ಮಪ್ಪನೇ. ನನ್ನ ಗಂಡನ್ನ ದಂಡ್ಯಾಗ ಹೂಳಿದ್ವಿ. ಎರಡು ಸಲ ನೀರು ಬಿಟ್ಟದ್ದಕ್ಕ ಬುರುಡಿನೂ ಉಳೀಲಿಲ್ಲ. ಈಗ ಇವನೂ ತೇಲಿ ಹೋಗ್ಲಿ."

ಆವತ್ತಿನಿಂದ ಅವಳು ತಮ್ಮನೊಂದಿಗೆ ಮಾತು ಬಿಟ್ಟು ಇಪ್ಪತ್ತೆಂಟು ವರ್ಷವಾಗಿತ್ತು. ಬೆಳಗಿನಿಂದ ಒಂದು ಹನಿ ಕಣ್ಣೀರನ್ನೂ ಹಾಕಿರಲಿಲ್ಲ.

ಅಂಜಿನಪ್ಪ ಸರ್ವೆ ಇಲಾಖೆಯಲ್ಲಿ ಜಮೀನು ಅಳೆಯುವ ಸರಪಳಿ ಎಳೆಯುವ ಜವಾನನಾಗಿದ್ದವನು. ಕರೂರಿನ ಈ ಕೇರಿಗೆ ಎರಡೆಕರೆ ಸುಡುಗಾಡು ಉಂಟೆಂದು ಹಳೆಯ ನಕಾಶೆ ಹೇಳುತ್ತಿತ್ತು. ಗುರುತು ಒಂದೇ: ಮೂರು ಊರಿನ ಗಡಿ ಕೂಡುವಲ್ಲಿ ನೆಟ್ಟ ಮೂರೂರ ಕಲ್ಲು. ಕೇರಿಯ ಬಾವಿಯಿಂದ ನೆಟ್ಟಗೆ ಮೂಡಲಿಗೆ ಹದಿನೆಂಟು ಸರಪಳಿ. ಅಂಜಿನಪ್ಪ ಅಳೆದ, ಅಗೆದ. ಬರೀ ಮಣ್ಣು. ಕಲ್ಲಿಲ್ಲವೆಂದ ಮೇಲೆ ಸುಡುಗಾಡೂ ಇಲ್ಲವಾಯಿತು. ಆಚೆಗಿನ ಜಾಲಿ ಪೊದೆಯನ್ನೆಲ್ಲ ಪಕ್ಕದ ಹೊಲದ ಎರ್ರಣ್ಣ ತನ್ನದೆಂದು ತಂತಿ ಸುತ್ತಿದ.

*

ಹೋದ ತಿಂಗಳು ಬಳ್ಳಾರಿಯ ಆಸ್ಪತ್ರೆಯಲ್ಲಿ ಮಲಗಿದ್ದ ಅಂಜಿನಪ್ಪ ಹಟ ಹಿಡಿದು ಮಗಳಿಂದ ಆ ನಕಾಶೆಯ ಪ್ರತಿ ತರಿಸಿದ್ದ.

"ಬಾವಿಯಿಂದ ಆಂಜನೇಯನ ಗುಡಿಗೆ ಎಷ್ಟು ಬರದಾರ?"

"ಐದು ಸರಪಳಿ."

"ಹತ್ತು ಐತಲ್ಲಲೇ! ನಾನೇ ಎಳದೀನಿ." ಎದ್ದು ಕೂತ ರಭಸಕ್ಕೆ ಸಲೈನಿನ ಸೂಜಿ ಕಿತ್ತು ಬಂತು. "ಅಯ್ಯೋ ನನ್ನ ಬುದ್ಧಿಗಿಷ್ಟು! ಇದು ಬಳ್ಳಾರಿ ಮದರಾಸಿಗೆ ಸೇರಿದ್ದಾಗಿನ ನಕಾಶಿ. ಅವರ ಸರಪಳಿ ಅರವತ್ತಾರು ಅಡಿ, ನಮ್ದು ಮೂವತ್ಮೂರು. ಅರ್ಧ ದಾರ್ಯಾಗ ನಿಂತು ಅಗದೀನಲ್ಲ, ನಾನೊಬ್ಬ ಕತ್ತೆ!"

ನಕ್ಕ ನಗೆಗೆ ಪಕ್ಕದ ಮಂಚದವನು ಎಚ್ಚರಗೊಂಡು ಬೈದ. ತನ್ನ ತಪ್ಪಿಗೆ ಇಷ್ಟು ಖುಷಿಪಟ್ಟವರನ್ನು ಶಶಿರೇಖಾ ನೋಡಿರಲಿಲ್ಲ.

"ಮನೀಗೆ ಬಿಟ್ರ ನಾನೇ ಹುಡುಕ್ತೀನಿ. ಬಿಡಲಿಲ್ಲಂದ್ರ ನೀ ಹುಡುಕು. ನನ್ನ ಮಣ್ಣು ಅಲ್ಲೇ ಆಗ್ಬೇಕು."

*

ಶಶಿರೇಖಾಳ ಫೋನಿಗೆ ಕುರುಗೋಡಿನಿಂದ ಹುಸೇನಬಾಷಾ ಸಾವಿನ ಮನೆಗೆ ಬಂದಿಳಿದಾಗ ಹನ್ನೊಂದು ಗಂಟೆ. ಮೂವತ್ತು ವರ್ಷ ಅಂಜಿನಪ್ಪನ ಸರಪಳಿಯ ಹಿಂದಿನ ತುದಿ ಹಿಡಿದವನು. ಚೀಲದಲ್ಲಿ ಹರಾಜಿನಲ್ಲಿ ಕೊಂಡ ತುಕ್ಕು ಸರಪಳಿ.

"ನಮ್ಮ ಮೂವತ್ಮೂರಡೀದೇ ಇದು. ಮೂವತ್ತಾರು ಸಲ ಎಳದ್ರ ಆತು. ಮುಂದಿನ ತುದಿ ನಿಮ್ಮಪ್ಪಂದು. ಹಿಡಿ ಮಗಳ."

ಎರ್ರಣ್ಣ ಬೈಕಿನಿಂದ ಇಳಿಯದೆಯೇ ನಕ್ಕ. "ಏಮಮ್ಮಾ, ಸತ್ತಾವನ ಮಾತು ಕೇಳಿ ಮುಳ್ಳಾಗ ಬೀಳ್ತಿಯೇನು? ಸರೇ. ಕಲ್ಲು ಸಿಕ್ರ ನಾನೇ ತಂತಿ ಕೀಳ್ತೀನಿ. ಸಿಗಲಿಲ್ಲಂದ್ರ ಸೀದಾ ಕಾಲುವೆಗೆ ಹೋಗ್ರಿ."

"ಮಂದಿ ಎಲ್ಲಾ ಕೇಳ್ಯಾರ ನೋಡಪ," ಎಂದ ಹುಸೇನಬಾಷಾ.

ಸರಪಳಿ ಮುಂದೆ, ಚಟ್ಟ ಹಿಂದೆ. ಕೇರಿಗೆ ಕೇರಿಯೇ ಕೂಗಿ ಎಣಿಸಿತು. ಹದಿನೆಂಟಕ್ಕೆ ಅಂಜಿನಪ್ಪ ಅಗೆದಿದ್ದ ಹಳೆಯ ತಗ್ಗು ಬಂತು. ಕೊಟ್ರಬಸಮ್ಮ ಅದಕ್ಕೆ ಉಗಿದಳು.

"ಇಲ್ಲಿ ನಿಂತದ್ದೇ ತಪ್ಪಾತು ಅತ್ತಿ, ನಡಿ," ಎಂದಳು ಶಶಿರೇಖಾ.

ಮೂವತ್ತಕ್ಕೆ ತಂತಿ. ಚಟ್ಟ ಅಲ್ಲೇ ಇಳಿಯಿತು. ಶಶಿರೇಖಾ ನುಸುಳಿದಳು, ಸೆರಗು ಹರಿಯಿತು. ಮೂವತ್ತಾರಕ್ಕೆ ಬಳ್ಳಾರಿ ಜಾಲಿಯ ದೊಡ್ಡ ಪೊದೆ. ಕಡಿದರು, ಅಗೆದರು. ಮೊಣಕಾಲುದ್ದ ತಗ್ಗಾದರೂ ಮಣ್ಣೇ.

"ಹೊತ್ತಾತು, ಹೆಣ ಬಿಸಲಾಗೈತಿ," ಎಂದು ಎರ್ರಣ್ಣ ಬೈಕು ಒದ್ದು ಚಾಲೂ ಮಾಡಿದ.

ಹುಸೇನಬಾಷಾ ಮಾತ್ರ ಬಂದ ದಾರಿಯನ್ನೇ ನೋಡುತ್ತಿದ್ದ. "ಮುಳ್ಳುಕಂಟಿ ಮ್ಯಾಲೆ ಸರಪಳಿ ಏರಿ ಇಳದೈತಿ. ನೆಲದ ಮ್ಯಾಲೆ ಕಮ್ಮಿ ಬಂದೀವಿ. ಇನ್ನೊಂದು ಮಾರು ಮುಂದ ಹಾಕ್ರಿ ಹಾರಿ."

ನಾಲ್ಕನೆಯ ಏಟಿಗೆ ಹಾರೆ ಠಣ್ಣೆಂದು ಪುಟಿಯಿತು.

ಶಶಿರೇಖಾ ಮೊಣಕಾಲೂರಿ ಎರಡೂ ಕೈಯಿಂದ ಮಣ್ಣು ಬಾಚಿದಳು. ಕಲ್ಲಿನ ನೆತ್ತಿಯ ಮೇಲೆ ಮೂರು ಗೀರು, ಮೂರು ಊರಿನ ದಿಕ್ಕಿಗೆ.

"ಗೆದ್ದೆಲೇ ಅಂಜಿನೀ!" ಹುಸೇನಬಾಷಾ ತಂತಿಯಾಚೆಯ ಹೆಣಕ್ಕೆ ಕೇಳುವಂತೆ ಅರಚಿದ. ಹಲಗೆ ಮದುವೆಗೆ ಬಡಿದಂತೆ ಮೊಳಗಿತು. ಹೆಗಲು ಕೊಡುವವರೇ ಸಿಳ್ಳೆ ಹಾಕಿದರು. ಎರ್ರಣ್ಣ ಬೈಕು ಆರಿಸಿದ. ಯಾರ ಮುಖವನ್ನೂ ನೋಡದೆ ಡಬ್ಬಿಯಿಂದ ಇಕ್ಕಳ ತೆಗೆದು, ಚಟ್ಟ ಹಿಡಿಸುವಷ್ಟು ತಂತಿ ಕತ್ತರಿಸಿದ.

"ಇನ್ನಷ್ಟು ಕತ್ತರಸಪ, ಮುಂದ ಬರೋರು ಭಾಳ ಮಂದಿ ಅದೀವಿ," ಎಂದು ಯಾರೋ ಕೂಗಿದರು.

ಕಲ್ಲಿನ ಹತ್ತಿರವೇ ಕುಣಿ ತೋಡಿ ಅಂಜಿನಪ್ಪನನ್ನು ಇಳಿಸಿದರು. ಎಲ್ಲರೂ ಹಿಡಿ ಮಣ್ಣು ಹಾಕುತ್ತಿರುವಾಗ ಕೊಟ್ರಬಸಮ್ಮ ಕುಣಿಯ ಬಲಕ್ಕೆ ಹೋಗಿ, ಮುಳ್ಳು ಆಯ್ದು ಎಸೆದು, ನೆಲದ ಮೇಲೆ ಅಂಗಾತ ಮಲಗಿದಳು.

"ಏಯ್ ಮುದುಕಿ, ಏನಾತು?" ಮಂದಿ ಓಡಿ ಬಂದರು.

"ಏನೂ ಆಗಿಲ್ಲ. ತಮ್ಮನ ಮಗ್ಗಲದ್ದು ನಂದು. ಸರಿಯಾಗಿ ಅಳತಿ ಹಿಡೀರಿ, ಇವನಂಗ ಅರ್ಧಕ್ಕ ನಿಂತೀರಿ ಮತ್ತ."

ಹುಸೇನಬಾಷಾ ಅವಳ ಅಂಗಾಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಜಾಲಿಯ ಗೂಟವೊಂದನ್ನು ನೆಲಕ್ಕೆ ಊರಿದ. ಬಡಿಯಲು ಕಲ್ಲೆತ್ತುವಷ್ಟರಲ್ಲಿ ಮುದುಕಿ ಕಾಲನ್ನು ಇನ್ನೊಂದು ಗೇಣು ಮುಂದಕ್ಕೆ ಚಾಚಿದಳು.