ಗದಾಯುದ್ಧಕ್ಕೆ ಒನ್ಸ್ ಮೋರ್

ಸಿರುಗುಪ್ಪದಲ್ಲಿ ಸಂಜೆಯ ಆಟ. ನಾಟಕ ಕಂಪನಿಯ ಮಾಲೀಕ ಕೊಟ್ರಬಸಪ್ಪ ದುರ್ಯೋಧನ, ವೀರೇಶ್ ಭೀಮ. ಮುಂದಿನ ಕ್ಯಾಂಪ್ ಕುರುಗೋಡಿನಲ್ಲಿ ಭೀಮನ ಪಾತ್ರ ತನ್ನ ಅಳಿಯನಿಗೆ ಎಂದು ಮಾಲೀಕ ಬಣ್ಣ ಹಚ್ಚಿಕೊಳ್ಳುವಾಗಲೇ ವೀರೇಶನಿಗೆ ಹೇಳಿದ್ದ.

ತೊಡೆ ಮುರಿಯುವ ದೃಶ್ಯದಲ್ಲಿ ಭೀಮನ ಕಟ್ಟಿಗೆಯ ಗದೆ ರಂಗದ ಹಲಗೆಗೆ ಬಡಿಯಬೇಕಿತ್ತು. ವೀರೇಶ್ ತೊಡೆಗೇ ಬಾರಿಸಿದ. ಎಲುಬು ಮುರಿದು ಮಾಲೀಕ ಚೀರಿ ಬಿದ್ದ. ಅದನ್ನು ನಟನೆ ಎಂದುಕೊಂಡ ಜನ ಸಿಳ್ಳೆ ಹಾಕಿ "ಒನ್ಸ್ ಮೋರ್" ಎಂದರು. ಜನ ಕೇಳಿದರೆ ದೃಶ್ಯವನ್ನು ಮತ್ತೆ ಆಡಲೇಬೇಕು ಎನ್ನುವುದು ಮಾಲೀಕನೇ ಮಾಡಿದ ಕಟ್ಟಳೆ.

"ಏಳ್ರಿ ಮಾಲಕ್ರ, ಮಂದಿ ಕೇಳಾಕತ್ತಾರ," ವೀರೇಶ್ ಪಿಸುಗುಟ್ಟಿದ.

"ಏಳ್ತೀನಿ ತಡಿಲೇ. ನಿಮ್ಮಪ್ಪಗೂ ಗದಿ ಹಿಡಿಯಾಕ ಕಲಿಸಿದಾಂವ ನಾನು."

ಪರದೆ ಎಳೆಯಲು ಬಂದವನನ್ನು ಕೈಸನ್ನೆಯಲ್ಲೇ ತಡೆದು, ಮಾಲೀಕ ಗದೆ ಊರಿ ಒಂಟಿಗಾಲಲ್ಲಿ ಎದ್ದು ನಿಂತ. ದುರ್ಯೋಧನನ ಮಾತನ್ನು ಪೂರ್ತಿ ಹೇಳಿದ, ಒಂದಕ್ಷರ ತಪ್ಪಲಿಲ್ಲ. ವೀರೇಶ್ ಗದೆ ಎತ್ತುವಷ್ಟರಲ್ಲಿ ಅವನ ಬಲ ಮುಂಗೈಗೆ ತನ್ನ ಗದೆ ಬೀಸಿದ. ವೀರೇಶನ ಕೈ ಮುರಿದು ಜೋತುಬಿತ್ತು; ಬೀಸಿದ ರಭಸಕ್ಕೆ ಮಾಲೀಕನೂ ಉರುಳಿಬಿದ್ದ.

"ಈಗ ನನ್ನ ಅಳಿಯನ್ನ ಬಿಟ್ರ ಭೀಮ ಯಾರದಾರಲೇ?" ಬಿದ್ದಲ್ಲಿಂದಲೇ ಮಾಲೀಕ ಹಲ್ಲು ಕಚ್ಚಿ ನಕ್ಕ.

ಜನ ಮತ್ತೆ "ಒನ್ಸ್ ಮೋರ್" ಎಂದರು. ವೀರೇಶ್ ಎಡಗೈಯಲ್ಲಿ ಗದೆ ಎತ್ತಿಕೊಂಡ.